ಮಾಕಳಿ ಕುಂಬಳದ ಮೊದಲ ಏಟು

ಕುಂಬಳಕಾಯಿಗೆ ಚಳಿ ತಾಗಿದ್ದು ಚಳಿಯಲ್ಲಿರುವಾಗ ಗೊತ್ತಾಗುವುದಿಲ್ಲ. ಶೀತಲಗೃಹದ ಒಳಗೆ ಅದು ವಾರಗಟ್ಟಲೆ ಗಟ್ಟಿಯಾಗಿ, ಹೊಳಪಾಗಿ ಕೂತಿರುತ್ತದೆ. ಹೊರಗೆ ತಂದು ಜಗಲಿಯಲ್ಲಿಟ್ಟ ಮೂರನೆಯ ದಿನ ಸಿಪ್ಪೆಯ ಮೇಲೆ ಸಾಸಿವೆ ಗಾತ್ರದ ಗುಂಡಿಗಳು ಬೀಳುತ್ತವೆ. ಐದನೆಯ ದಿನ ಅವು ಒಂದಕ್ಕೊಂದು ಕೂಡಿ ನೀರು ಕುಡಿದ ಮಚ್ಚೆಗಳಾಗುತ್ತವೆ. ಏಳನೆಯ ದಿನ ಬೆರಳಿಟ್ಟರೆ ಬೆರಳು ಒಳಗೆ ಹೋಗುತ್ತದೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ನೋಡಿ ಬರೆಯುವುದು ನನ್ನ ಕೆಲಸವಾಗಿತ್ತು.

ಬೀಜದ ಕಂಪನಿಯೊಂದು ಪೀಣ್ಯ ದಾಟಿ ಮಾಕಳಿಯ ಕಡೆ, ತುಮಕೂರು ರಸ್ತೆಯ ಮಗ್ಗುಲಿನ ಆಲೂಗಡ್ಡೆ ಶೀತಲಗೃಹದಲ್ಲಿ ಒಂದು ಕೋಣೆಯನ್ನೂ ಅದರ ಹಿಂದಿನ ಎರಡು ಎಕರೆಯನ್ನೂ ಬಾಡಿಗೆಗೆ ಹಿಡಿದಿತ್ತು. ಆಲೂಗಡ್ಡೆಗೆ ಬೇಕಾದ ಚಳಿಯನ್ನು ಕುಂಬಳ ತಡೆಯುವುದಿಲ್ಲ. ಕುಂಬಳಕ್ಕೆ ಬೇಕಾದ ಹದದಲ್ಲಿ ಆಲೂಗಡ್ಡೆ ಮೊಳೆಯುತ್ತದೆ. ಎರಡನ್ನೂ ಒಂದೇ ಕೋಣೆಯಲ್ಲಿ ಇಡುವಂತಾದರೆ ಸುತ್ತಲಿನ ಕಾರ್ಖಾನೆ ಕ್ಯಾಂಟೀನುಗಳಿಗೆ ವರ್ಷವಿಡೀ ಸರಬರಾಜು ಮಾಡಬಹುದೆಂದು ಕಂಪನಿ ಯೋಚಿಸಿತ್ತು. ಕೋಣೆಯನ್ನು ಬದಲಿಸುವುದಕ್ಕಿಂತ ಕಾಯಿಯನ್ನು ಬದಲಿಸುವುದು ಅಗ್ಗ.

ನಾನು ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಮನೆಯಲ್ಲಿ ಕೂತಿದ್ದ ಹುಡುಗಿ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ನಮ್ಮ ಮನೆಯ ಊಟ, ನಿದ್ದೆ, ಜಗಳ ಎಲ್ಲವೂ ಅವರ ಶಿಫ್ಟಿನ ಸೈರನ್ನಿಗೆ ಸರಿಯಾಗಿ ನಡೆಯುತ್ತಿದ್ದವು. ಅವರ ಕ್ಯಾಂಟೀನಿಗೆ ತರಕಾರಿ ಹಾಕುತ್ತಿದ್ದವರೊಬ್ಬರ ಮಾತಿನಿಂದ ನನಗೆ ಈ ಕೆಲಸ ಸಿಕ್ಕಿತು.

ಘಟಕದ ಮುಖ್ಯಸ್ಥರು ಐವತ್ತು ದಾಟಿದವರು, ತಳಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರು. ಬೈಯುವಾಗ ದನಿ ಏರಿಸುತ್ತಿರಲಿಲ್ಲ. ಮೊದಲ ದಿನ ನನ್ನ ಕೈಗೆ ಉದ್ದನೆಯ ನೋಂದಣಿ ಪುಸ್ತಕ ಕೊಟ್ಟು, "ಕಣ್ಣಿಗೆ ಕಂಡದ್ದು ಬರೀರಿ. ಕಿವಿಗೆ ಬಿದ್ದದ್ದು, ತಲೆಗೆ ಹೊಳೆದದ್ದು ನಂಗೆ ಬೇಡ. ತಲೆ ನನ್ ಹತ್ರಾನೂ ಇದೆ," ಎಂದರು. ಪುಸ್ತಕದಲ್ಲಿ ಬಳ್ಳಿಯ ಸಂಖ್ಯೆಗೆ ಒಂದು ಕಲಂ, ಗುಂಡಿಗೆ ಒಂದು, ಕೊಳೆಗೆ ಒಂದು, ಕೊನೆಯಲ್ಲಿ ಟಿಪ್ಪಣಿಗೆಂದು ಅಗಲವಾದ ಷರಾ. ಗುಂಡಿಗೂ ಕೊಳೆಗೂ ಸೊನ್ನೆಯಿಂದ ಐದರವರೆಗೆ ಅಂಕ. ಮುಂದೆ ಪತ್ರಿಕೆಯೊಂದರ ಡೆಸ್ಕಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇರೆಯವರ ವರದಿ ತಿದ್ದುವಾಗ ನಾನು ಬಳಸಿದ್ದು ಅವರು ಹೇಳಿದ ಆ ನಿಯಮವನ್ನೇ.

ಹೆಣ್ಣಾಳುಗಳಲ್ಲಿ ಮಾಕಳಿಯವಳೊಬ್ಬಳಿದ್ದಳು. ನಲವತ್ತರ ಆಸುಪಾಸು, ಗಂಡ ತೀರಿಕೊಂಡಿದ್ದ. ದಿನಗೂಲಿ. ಶೀತಲಗೃಹ ಕಟ್ಟಿದ ಜಾಗ ಹಿಂದೆ ಆಕೆಯ ಮಾವನ ಹೊಲವಾಗಿತ್ತು. "ಈಗ ನಿಮ್ ಮಿಸೀನು ಕೂತೈತಲ್ಲ, ಅಲ್ಲೇ ನಮ್ ತಿಪ್ಪೆ ಇದ್ದಿದ್ದು. ತಿಪ್ಪೆ ಮ್ಯಾಲೆ ಕುಂಬ್ಳದ ಬಳ್ಳಿ ಅಬ್ಬಿತ್ತು," ಎಂದು ಕಂಪ್ರೆಸರ್ ಕಡೆ ಕೈ ತೋರಿಸುತ್ತಿದ್ದಳು. ಆ ಬಳ್ಳಿಯ ಬೀಜವನ್ನು ಬೂದಿಯಲ್ಲಿ ಹಾಕಿಟ್ಟುಕೊಂಡು ಮನೆಯ ಹಿಂದೆ ಬೆಳೆಯುತ್ತಿದ್ದಳು. ಮನೆಯಲ್ಲಿ ಇಲಿಯ ಕಾಟವೆಂದು ಒಂದು ಕಾಯಿಯನ್ನು ತಂದು ಆಲೂಗಡ್ಡೆ ಮೂಟೆಗಳ ಹಿಂದೆ ಅಡಗಿಸಿಟ್ಟಿದ್ದಳು, ಮರೆತೂಬಿಟ್ಟಿದ್ದಳು. ಎರಡು ತಿಂಗಳ ಮೇಲೆ ಮೂಟೆ ಎತ್ತಿದಾಗ ಅದು ಸಿಕ್ಕಿತು. ಬೂದು ಹಸಿರು ಬಣ್ಣ, ಮೈಯೆಲ್ಲ ಗಂಟು, ಒಂದು ಕಡೆ ಸೊಟ್ಟ.

ಮುಖ್ಯಸ್ಥರು ಮೊದಲು ವಿಚಾರಣೆ ನಡೆಸಿದರು. "ಕಂಪನಿ ಚಳಿ ನಿಮ್ಮಪ್ಪನ ಮನೇದಾ?" ಎಂದು ಕೇಳಿ ಅರ್ಧ ದಿನದ ಕೂಲಿ ಕತ್ತರಿಸಿದರು. ಕಾಯಿಯನ್ನು ಪುರಾವೆಯೆಂದು ತಮ್ಮ ಮೇಜಿನ ಮೇಲಿಟ್ಟುಕೊಂಡರು. ಒಂದು ವಾರವಾಯಿತು, ಹತ್ತು ದಿನವಾಯಿತು. ಒಂದು ಗುಂಡಿಯೂ ಬೀಳಲಿಲ್ಲ. ಹನ್ನೊಂದನೆಯ ದಿನ ಆಕೆಯನ್ನು ಕರೆಸಿ, "ಇದರ ಬೀಜ ಎಷ್ಟಿದೆ?" ಎಂದು ಕೇಳಿದರು.

"ಒಂದು ಕುಡಿಕೆ ಐತೆ ಸಾಮಿ."

"ಕುಡಿಕೆ ಸಮೇತ ತಗೊಂಡ್ಬಾ."

ತಂದುಕೊಟ್ಟಳು. ಕತ್ತರಿಸಿದ ಅರ್ಧ ದಿನದ ಕೂಲಿ ವಾಪಸಾಗಲಿಲ್ಲ.

ಆ ಕುಂಬಳವನ್ನು ಕಂಪನಿಯ ನಯವಾದ ತಳಿಯೊಂದಿಗೆ ಕೂಡಿಸಿದರು. ನಯವಾದದ್ದು ಬಳ್ಳಿ ತುಂಬ ಕಾಯಿ ಬಿಡುತ್ತಿತ್ತು, ಎರಡು ವಾರ ಚಳಿಯಲ್ಲಿಟ್ಟು ತೆಗೆದರೂ ಕೊಳೆಯುತ್ತಿತ್ತು. ಕೂಡಿಸುವ ಕೆಲಸವೂ ಮಾಕಳಿಯವಳದೇ. ಸಂಜೆ ಅರಳಲಿರುವ ಹೂವಿನ ಬಾಯಿಗೆ ದಾರ ಕಟ್ಟಬೇಕು. ಬೆಳಗ್ಗೆ ಬಿಸಿಲೇರುವ ಮುಂಚೆ ಬಿಚ್ಚಿ, ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸಿ, ಮತ್ತೆ ಕಟ್ಟಬೇಕು. ಕಂಪ್ರೆಸರ್ ನೋಡಿಕೊಳ್ಳುವ ಆಪರೇಟರ್ ಶಿಫ್ಟ್ ಮುಗಿಸಿ ಹೋಗುವಾಗ ಬದುವಿನ ಮೇಲೆ ನಿಂತು, "ಅಕ್ಕ, ಇವತ್ತು ಎಷ್ಟು ಮದುವೆ?" ಎನ್ನುತ್ತಿದ್ದ.

"ನಿಂದೊಂದ್ ಬಿಟ್ಟು ಎಲ್ಲಾ ಆಯ್ತು ಕಣೋ."

ಮೊದಲ ತಲೆಮಾರಿನ ಕಾಯಿಗಳು ಪೂರ್ತಿ ಮಾಕಳಿಯ ಕಡೆಗೆ ವಾಲಿದವು. ತಿಂಗಳು ಚಳಿಯಲ್ಲಿಟ್ಟು ತೆಗೆದರೂ ಗುಂಡಿ ಬೀಳಲಿಲ್ಲ. ಮುಖ್ಯಸ್ಥರು ಹಿಗ್ಗಿದರು. ತಡೆಯುವ ಗುಣ ಒಂದೇ ಜೀನಿನಲ್ಲಿದೆ, ಅದು ಮೇಲುಗೈಯ ಜೀನು, ಆದ್ದರಿಂದ ಎರಡನೆಯ ತಲೆಮಾರಿನಲ್ಲಿ ನಾಲ್ಕು ಬಳ್ಳಿಗೆ ಮೂರು ಬಳ್ಳಿಯ ಕಾಯಿ ತಡೆಯಲೇಬೇಕು ಎಂದು ಕರಿಹಲಗೆಯ ಮೇಲೆ ಬರೆದು ತೋರಿಸಿದರು. ಇಂಥ ಗುಣ ಒಂದೇ ಜೀನಿನ ಕೈಯಲ್ಲಿರುವುದು ಅಪರೂಪ, ಹಲವು ಸೇರಿ ನಡೆಸುವುದೇ ಹೆಚ್ಚು ಎಂದು ಆಮೇಲೆ ಓದಿ ತಿಳಿದೆ. ಅವರಿಗೆ ಒಂದೇ ಬೇಕಿತ್ತು.

ಆ ದಿನ ಅವರು ಸಂತೋಷದಲ್ಲಿದ್ದರು. ಬಾಗಿಲ ಬಳಿ ನಿಂತಿದ್ದ ಮಾಕಳಿಯವಳಿಗೆ, "ನಾಲ್ಕಕ್ಕೆ ಮೂರು ತಡೀಲಿ, ನಿನ್ನ ಖಾಯಂ ಮಾಡಿಸ್ತೀನಿ," ಎಂದರು.

"ತಡೀದಿದ್ರೆ ಸಾಮಿ?"

"ತಡೀದಿದ್ರೆ ಹುಳಿ ಮಾಡ್ಕೊಂಡು ತಿನ್ನು."

ಖಾಯಂ ಆದರೆ ಆಕೆಗೆ ಕಾರ್ಮಿಕರ ಆಸ್ಪತ್ರೆಯ ಚೀಟಿ ಸಿಗುತ್ತಿತ್ತು. ಆಕೆಗೆ ಬೇಕಿದ್ದದ್ದು ಅದು. ಕೋಣೆಯೊಳಗೆ ಹೋಗುವ ಅಧಿಕಾರಿಗಳಿಗೆ ಕಂಪನಿಯ ಸ್ವೆಟರ್ ಇತ್ತು, ಕೈಗವಸೂ ಇತ್ತು. ಆಳುಗಳು ಗೋಣಿಚೀಲ ಹೊದ್ದು ಹೋಗುತ್ತಿದ್ದರು. ಎರಡು ವರ್ಷದಲ್ಲಿ ಆಕೆಯ ಬೆರಳ ತುದಿಗಳು ಸುಣ್ಣದ ಹಾಗೆ ಬೆಳ್ಳಗಾಗಿ, ಹೊರಗೆ ಬಂದ ಮೇಲೆ ನೀಲಿಯಾಗಿ, ಬಿರುಕು ಬಿಟ್ಟು ಕೀವು ತುಂಬುತ್ತಿದ್ದವು. ಕಾಯಿಗಳ ಹಾಗೆಯೇ, ಒಳಗಿದ್ದಾಗ ನೋವಿಲ್ಲ, ಹೊರಗೆ ಬಂದ ಮೇಲೆ. ಒಮ್ಮೆ ಆಕೆ ಕಾಯಿ ಎತ್ತಲಾರದೆ ಕೆಳಗೆ ಬಿಟ್ಟಾಗ ಮುಖ್ಯಸ್ಥರು ಬೆರಳುಗಳನ್ನು ಬಗ್ಗಿ ನೋಡಿ ನನ್ನ ಕಡೆ ತಿರುಗಿ, "ಇದಕ್ಕೂ ಅಂಕ ಹಾಕ್ರೀ. ಗುಂಡಿ ಎರಡು, ಕೊಳೆ ಒಂದು," ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ. ಆಕೆಯೂ ನಕ್ಕಳು.

ಇಲ್ಲಿ ಒಂದು ಪದ್ಧತಿಯ ವಿಷಯ ಹೇಳಬೇಕು. ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲು ಚಾಕು ಹಾಕುವಂತಿಲ್ಲ. ಮನೆಯ ಹಿರಿಮಗನಿಗೆ ಹಾಕಿದ ಹಾಗೆ ಎಂಬ ನಂಬಿಕೆ. ಗಂಡಸೊಬ್ಬ ಮೊದಲ ಏಟು ಹಾಕಿಕೊಟ್ಟರೆ ಆಮೇಲೆ ಹೆಂಗಸರು ಹೇಗೆ ಬೇಕಾದರೂ ಹೆಚ್ಚಬಹುದು. ನಮ್ಮ ಮನೆಯಲ್ಲೂ ಅಪ್ಪ ಶಿಫ್ಟಿನಿಂದ ಬರುವವರೆಗೆ ಕುಂಬಳ ಕಾಯುತ್ತಿತ್ತು. ಘಟಕದಲ್ಲಿ ಕಾಯಿ ಕೊಯ್ದು ಒಳಗನ್ನು ಪರೀಕ್ಷಿಸಬೇಕಾದ ದಿನ ಹೆಣ್ಣಾಳುಗಳು ಕೈಕಟ್ಟಿ ಕೂರುತ್ತಿದ್ದರು. ಆಪರೇಟರ್ ಬಂದು ಸಾಲಿನುದ್ದಕ್ಕೂ ಒಂದೊಂದು ಕಾಯಿಯನ್ನು ಮಗುಚಿ, ಹೂವುದುರಿದ ತುದಿಯಲ್ಲಿ ಒಂದು ಅಂಗುಲ ಚಾಕು ಇಳಿಸಿ ಹೋಗುತ್ತಿದ್ದ. ಅವನು ಶೀತಲಗೃಹದ ಖಾಯಂ ನೌಕರ, ಕಂಪನಿಗೆ ಸೇರಿದವನಲ್ಲ. "ಏನ್ ಗುರು ನಿಮ್ ಡಿಪಾರ್ಟ್ಮೆಂಟು, ಇಷ್ಟು ಜನ ಇದ್ದು ಒಂದು ಕಾಯಿ ಒಡಿಯಕ್ಕಾಗಲ್ಲ," ಎಂದು ಗೊಣಗುತ್ತಿದ್ದ, ಆದರೆ ಬರುತ್ತಿದ್ದ. ಮುಖ್ಯಸ್ಥರಿಗೆ ಇದು ಗೊತ್ತಿರಲಿಲ್ಲ. ಅವರು ಹತ್ತು ಗಂಟೆಗೆ ಬರುತ್ತಿದ್ದರು, ಅಷ್ಟರಲ್ಲಿ ಏಟು ಮುಗಿದಿರುತ್ತಿತ್ತು.

ಎರಡನೆಯ ತಲೆಮಾರಿನಲ್ಲಿ ಅರವತ್ತು ಬಳ್ಳಿ ಬೆಳೆಸಿ, ಬಳ್ಳಿಗೆ ಎರಡರಂತೆ ಕಾಯಿ ಕಿತ್ತು ಚಳಿಯಲ್ಲಿಟ್ಟೆವು. ಸಿಪ್ಪೆ ತಾಯಿ ಬಳ್ಳಿಯದು, ಒಳಗಿನ ಬೀಜ ಮುಂದಿನ ತಲೆಮಾರಿನದು. ಹಾಗಾಗಿ ಸಿಪ್ಪೆಗೆ ಕೊಡುವ ಅಂಕ ಬಳ್ಳಿಗೇ ಸೇರುತ್ತಿತ್ತು. ನಾಲ್ಕು ವಾರ ತುಂಬಿದ ಸಂಜೆ ಎಲ್ಲವನ್ನೂ ಜಗಲಿಗೆ ತಂದು ಎರಡು ಸಾಲು ಮಾಡಿದೆವು. ಎಡಸಾಲಿನ ಅರವತ್ತನ್ನು ಮರುದಿನವೇ ಕೊಯ್ದು ನೋಡುವುದು. ಬಲಸಾಲಿನ ಅರವತ್ತನ್ನು ಮುಟ್ಟದೆ ಒಂದು ವಾರ ಬಿಟ್ಟು ಗುಂಡಿ, ಕೊಳೆ ಎಣಿಸುವುದು. ನಿಜವಾದ ಪರೀಕ್ಷೆ ಬಲಸಾಲು. ಹೋಲಿಕೆಗೆಂದು, ವಾರದ ಹಿಂದೆಯೇ ಚಳಿಯಿಂದ ಹೊರತೆಗೆದ ನಯವಾದ ತಳಿಯ ಹತ್ತು ಕಾಯಿಗಳನ್ನು ಸಾಲುಗಳ ತಲೆಯ ಬಳಿ ಇಟ್ಟಿದ್ದೆವು. ಅವು ಆಗಲೇ ಮೆತ್ತಗಾಗತೊಡಗಿದ್ದವು.

ಕಾಯಿ ಹೆಚ್ಚಿ ನೋಡುವುದಕ್ಕೆ ನಾವು ಕೊಯ್ಲು ಎನ್ನುತ್ತಿದ್ದೆವು, ಆ ಕೆಲಸವನ್ನು ಹಿಂದಿನ ದಿನವೇ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನನ್ನ ಕರ್ತವ್ಯ. ಬರೆದೆ: "ನಾಳೆ ಕುಂಬಳ ಕೊಯ್ಲು." ನಾಲ್ಕೂವರೆಯ ಬಸ್ಸು ಹಿಡಿಯಲು ಹೊರಟೆ.

ಮರುದಿನ ಆಪರೇಟರನಿಗೆ ರಜೆ. ಹಾಗಾಗಿ ಮಾಕಳಿಯವಳು ಆ ಸಂಜೆಯೇ ಅವನನ್ನು ಗೇಟಿನ ಬಳಿ ಹಿಡಿದು ನಿಲ್ಲಿಸಿ, "ನಾಳಿಕೆ ನೀನಿರಲ್ಲ, ಈಗ್ಲೇ ಒಂದೊಂದ್ ಏಟು ಆಕ್ಬುಟ್ಟು ಓಗಪ್ಪ," ಎಂದಳು. ಆಕೆಗೆ ಓದಲು ಬರುತ್ತಿರಲಿಲ್ಲ. ಅವನು ಹಲಗೆ ಓದಿದ, ಜಗಲಿ ನೋಡಿದ, ಅಲ್ಲಿದ್ದದ್ದಕ್ಕೆಲ್ಲ ಏಟು ಹಾಕಿದ. ತಲೆಯ ಬಳಿಯ ಹತ್ತು ಮೆತ್ತನೆಯ ಕಾಯಿಗಳಿಂದ ಶುರುಮಾಡಿ, ಎಡಸಾಲು ಮುಗಿಸಿ, ಬಲಸಾಲು ಮುಗಿಸಿದ. ಒಂದೇ ಚಾಕು. ಏಟು ಬಿದ್ದ ತುದಿ ಕೆಳಗೆ ಬರುವಂತೆ ಎಲ್ಲವನ್ನೂ ಇದ್ದ ಹಾಗೆಯೇ ಕೂರಿಸಿದ.

ಬೆಳಗ್ಗೆ ಎಡಸಾಲು ಕೊಯ್ದೆವು. ಬಲಸಾಲನ್ನು ಯಾರೂ ಮುಟ್ಟಲಿಲ್ಲ, ಮುಟ್ಟಬಾರದೆಂಬುದೇ ನಿಯಮವಾಗಿತ್ತು. ನಾಲ್ಕನೆಯ ದಿನ ಜಗಲಿಯಲ್ಲಿ ಹುಳಿತ ವಾಸನೆ ಬಂತು. ಆರನೆಯ ದಿನ ಕಾಯಿಗಳ ಅಡಿಯಿಂದ ನೀರು ಹರಿದು ಸಿಮೆಂಟಿನ ಮೇಲೆ ಗೆರೆ ಎಳೆಯಿತು. ಏಳನೆಯ ದಿನ ಬೆಳಗ್ಗೆ ನಾನೂ ಮಾಕಳಿಯವಳೂ ಒಂದನ್ನು ಮಗುಚಿದೆವು. ತುದಿಯಲ್ಲಿ ಒಂದು ಅಂಗುಲದ ಸೀಳು, ಅದರ ಸುತ್ತ ಕಂದು ಬಳೆ, ಬಳೆಯ ಒಳಗೆ ಬಿಳಿ ಬೂಸು. ಇನ್ನೊಂದು ಮಗುಚಿದೆವು. ಇನ್ನೊಂದು. ಹತ್ತನೆಯದಕ್ಕೆ ಆಕೆ ನೆಲದ ಮೇಲೆ ಕೂತಳು.

"ನಾನೇ ಯೋಳಿದ್ದು ಮೇಡಂ," ಎಂದಳು. "ಏಟು ಆಕು ಅಂತ ನಾನೇ ಯೋಳ್ದೆ. ಇದ್ನೂ ಆಕ್ತಾನೆ ಅಂತ ಅನ್ಕೊಂಡಿರ್ಲಿಲ್ಲ."

ನಾನು ಪುಸ್ತಕ ತೆರೆದೆ. ಮುಖ್ಯಸ್ಥರು ಬರಲು ಇನ್ನೂ ಒಂದು ಗಂಟೆ ಇತ್ತು. ಗುಂಡಿಯ ಕಲಂ ತುಂಬುವುದು ಕಷ್ಟವಾಗಲಿಲ್ಲ. ಕೊಳೆ ಎಲ್ಲದಕ್ಕೂ ಹಿಡಿದಿದ್ದರೂ ಗುಂಡಿ ಕೆಲವಕ್ಕೆ ಮಾತ್ರ ಬಿದ್ದಿತ್ತು. ಅರವತ್ತರಲ್ಲಿ ನಲವತ್ತನಾಲ್ಕರ ಮೈಮೇಲೆ ಸೀಳನ್ನು ಬಿಟ್ಟರೆ ಒಂದು ಚುಕ್ಕೆಯೂ ಇರಲಿಲ್ಲ. ನಾಲ್ಕಕ್ಕೆ ಮೂರು ಅಂದರೆ ನಲವತ್ತೈದು, ಇಂಥ ಲೆಕ್ಕದಲ್ಲಿ ಒಂದು ಆಚೀಚೆ ಆಗುವುದು ಸಹಜ. ಅಂದರೆ ಕಾಯಿ ತಡೆದಿತ್ತು, ಆಕೆಗೆ ಕೊಟ್ಟ ಮಾತಿನ ಷರತ್ತು ಪೂರ್ತಿಯಾಗಿತ್ತು. ಕೊಳೆಯ ಕಲಂನಲ್ಲಿ ಅರವತ್ತಕ್ಕೂ ಐದು, ಐದು, ಐದು ಎಂದು ಬರೆದೆ. ಉಳಿದದ್ದು ಷರಾ.

"ಏನ್ ಬರೀತೀರ?" ಎಂದು ಆಕೆ ಕೇಳಿದಳು.

"ಕಂಡದ್ದು."

"ಸೀಳು ಕಂಡ್ರಿ, ಬರೀರಿ. ನಾ ಯೋಳಿದ್ದು ನೀವು ಕಾಣ್ಲಿಲ್ವಲ್ಲ. ಈಗ ಕೇಳಿದ್ರಿ, ಅಷ್ಟೆ."

ನನ್ನ ನಿಯಮವನ್ನು ಆಕೆ ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಳು. ನಾನು ಬರೆದ ಷರಾ ಇಂದಿಗೂ ಅಕ್ಷರಕ್ಕೆ ಅಕ್ಷರ ನೆನಪಿದೆ: "ಕೊಳೆ ಚಾಕುವಿನ ಗಾಯದಿಂದ ಶುರುವಾಗಿದೆ. ಗಾಯ ಮಾಡಿದವನು ಶೀತಲಗೃಹದ ಆಪರೇಟರ್. ಮಾಡಿಸಿದವಳು ಕೂಲಿಯವಳು, ಆಕೆಯ ಹೇಳಿಕೆಯಂತೆ." ಮೂರು ವಾಕ್ಯ, ಮೂರೂ ಸತ್ಯ. ಎಡಸಾಲು ಮಾತ್ರ ಎಂದು ಹಲಗೆಯ ಮೇಲೆ ನಾನು ಬರೆದಿರಲಿಲ್ಲ ಎಂಬ ನಾಲ್ಕನೆಯ ವಾಕ್ಯಕ್ಕೆ ಷರಾದಲ್ಲಿ ಧಾರಾಳ ಜಾಗವಿತ್ತು. ಹಲಗೆಯನ್ನು ಕೊಯ್ಲಿನ ಸಂಜೆಯೇ ಒರೆಸಿದ್ದೆ. ಒರೆಸುವುದು ವಾಡಿಕೆ.

ಮುಖ್ಯಸ್ಥರು ಹತ್ತಕ್ಕೆ ಬಂದು, ಜಗಲಿಯನ್ನು ಒಂದು ಸುತ್ತು ನಡೆದು, ಪುಸ್ತಕ ಓದಿದರು. ಎಲ್ಲರನ್ನೂ ಕರೆಸಿದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಇಲ್ಲಿ ಅಷ್ಟೂ ಕಷ್ಟ ಇಲ್ಲ. ಬರೆದೇ ಇಟ್ಟಿದ್ದಾರೆ," ಎಂದು ನನ್ನ ಷರಾವನ್ನು ಗಟ್ಟಿಯಾಗಿ ಓದಿದರು. ನಾನು ಕೈಗಳನ್ನು ಬೆನ್ನ ಹಿಂದೆಯೇ ಕಟ್ಟಿಕೊಂಡಿದ್ದೆ.

ಆಪರೇಟರ್, "ಬೋರ್ಡಲ್ಲಿ ಕೊಯ್ಲು ಅಂತ ಇತ್ತು ಸಾರ್. ಎಲ್ಲಾನೂ ಇರಬೇಕು ಅನ್ಕೊಂಡೆ," ಎಂದ.

"ಯಾವ ಸಾಲು ಅಂತ ಇತ್ತು?"

"ಜ್ಞಾಪಕ ಇಲ್ಲ ಸಾರ್."

ಮುಖ್ಯಸ್ಥರು ನನ್ನನ್ನು ನೋಡಿದರು. "ನೀವು ಸಾಲು ಬರೆದಿರ್ತೀರ ಬಿಡಿ," ಎಂದರು. ಅದು ಪ್ರಶ್ನೆಯಲ್ಲ.  ಆಪರೇಟರ್ ಅವರ ನೌಕರನಲ್ಲ, ಅವನನ್ನು ಏನೂ ಮಾಡುವಂತಿರಲಿಲ್ಲ. ಹೋಗಲು ಹೇಳಿದರು. ಮಾಕಳಿಯವಳ ಕಡೆ ತಿರುಗಿದರು.

"ಯಾಕೆ ಹಾಕಿಸ್ದೆ?"

"ಎಂಗಸ್ರು ಆಕ್ಬಾರ್ದು ಸಾಮಿ. ಇರೀಮಗ ಇದ್ದಂಗೆ ಅದು."

"ಯಾರ ಹಿರೀಮಗ? ಒಂದೂವರೆ ವರ್ಷ ಹೂವಿಗೆ ದಾರ ಕಟ್ಟಿ ಹುಟ್ಟಿಸಿದವಳು ನೀನೇ ಅಲ್ವಾ? ನೀನೇ ಹೆತ್ತು ನೀನೇ ಚಾಕು ಹಾಕಿಸ್ದೆ."

ಯಾರೋ ಒಬ್ಬರು ಹಿಂದೆ ನಕ್ಕರು. ಆಕೆ ನಗಲಿಲ್ಲ. "ಮೇಡಮ್ಮೋರು ಲೆಕ್ಕ ಆಕವ್ರಲ್ಲ ಸಾಮಿ, ನಲವತ್ನಾಕು ತಡ್ದೈತಂತೆ. ನಾಕಕ್ಕೆ ಮೂರು ತಡುದ್ರೆ ಖಾಯಂ ಅಂದಿದ್ರಿ," ಎಂದಳು. ಬೆರಳುಗಳನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಮುಖ್ಯಸ್ಥರು ಗುಂಡಿಯ ಕಲಮಿನ ಮೇಲೆ ಬೆರಳಾಡಿಸಿದರು, ಎಣಿಸಿದರು. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಒಂದೂವರೆ ವರ್ಷದ ಕೆಲಸ ಉಳಿದಿತ್ತು.

"ಹೌದು, ತಡೆದಿದೆ," ಎಂದರು. "ತಡೆದದ್ದು ಕಾಯಿ. ನೀನಲ್ಲ. ನಾಳೆಯಿಂದ ಬರಬೇಡ."

ಆಕೆ ಗೋಣಿಚೀಲ ಮಡಿಸಿ ಬಾಗಿಲ ಬಳಿ ಇಟ್ಟಳು. ಅದು ಕಂಪನಿಯದು. ಹೋಗುವಾಗ ತಿರುಗಿ, "ಬೀಜ ಒಂದಿಡಿ ಕೊಡ್ರಿ ಸಾಮಿ, ಮನೇಲಿ ಒಂದೂ ಇಲ್ಲ," ಎಂದು ಕೇಳಿದಳು. "ಅದೀಗ ಸಂಶೋಧನೆ," ಎಂದರು ಮುಖ್ಯಸ್ಥರು. ಅಂದು ಮಧ್ಯಾಹ್ನ ಆ ನಲವತ್ತನಾಲ್ಕು ಕೊಳೆತ ಕಾಯಿಗಳಿಗೆ ಕೈಹಾಕಿ ನಾನು ಬೀಜ ತೆಗೆದೆ. ಒಳಗೆ ಬೀಜ ಚೆನ್ನಾಗಿತ್ತು. ತೊಳೆದು, ನೆರಳಲ್ಲಿ ಒಣಗಿಸಿ, ಬಳ್ಳಿಯ ಸಂಖ್ಯೆ ಬರೆದು ಪೊಟ್ಟಣ ಕಟ್ಟಿದೆ. ಒಂದು ಹಿಡಿ ಕಡಿಮೆಯಾಗಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಡಿಮೆ ಮಾಡಲಿಲ್ಲ.

ಮುಂದಿನ ತಿಂಗಳು ನನ್ನ ಸಂಬಳ ಏರಿತು. ಷರಾ ಇಲ್ಲದಿದ್ದರೆ ಪ್ರಯೋಗವೇ ಬಿದ್ದುಹೋಗುತ್ತಿತ್ತು ಎಂದು ಮುಖ್ಯಸ್ಥರು ಮೇಲಿನವರಿಗೆ ಬರೆದಿದ್ದರಂತೆ.

ಒಂದು ವರ್ಷದ ಮೇಲೆ ದಾಸರಹಳ್ಳಿಯ ಬಸ್ ನಿಲ್ದಾಣದ ಪಕ್ಕ ಆಕೆಯನ್ನು ಕಂಡೆ. ನೆಲದ ಮೇಲೆ ಪ್ಲಾಸ್ಟಿಕ್ ಹಾಸಿ ಕುಂಬಳವನ್ನು ಹೋಳು ಮಾಡಿ ಮಾರುತ್ತಿದ್ದಳು. ಸಂತೆಯಲ್ಲಿ ಕೊಂಡ ನಯವಾದ ಕಾಯಿಗಳು. ಬಲಗೈಯ ಎರಡು ಬೆರಳುಗಳ ತುದಿ ಇರಲಿಲ್ಲ. ಹೊಸ ಕಾಯಿ ಒಡೆಯಬೇಕಾದಾಗ ಬಸ್ಸಿಗೆ ಕಾಯುತ್ತಿದ್ದ ಗಂಡಸರಲ್ಲಿ ಒಬ್ಬರನ್ನು, "ಅಣ್ಣ, ಒಂದ್ ಏಟು ಆಕ್ಕೊಡಿ," ಎಂದು ಕರೆಯುತ್ತಿದ್ದಳು. ಅವರು ನಗುತ್ತ ಹಾಕಿಕೊಡುತ್ತಿದ್ದರು.

ನಾನು ಎದುರು ಕೂತೆ. ಗುರುತು ಹಿಡಿದಳು. "ಏನ್ ಮೇಡಂ, ಇನ್ನೂ ಬರೀತಾ ಇದ್ದೀರ?" ಎಂದಳು.

"ಬರೀತಿದ್ದೀನಿ. ಅರ್ಧ ಕೆ.ಜಿ. ಕೊಡಿ."

ಹೋಳುಗಳು ಮುಗಿದಿದ್ದವು. ಆಕೆ ಹೊಸ ಕಾಯಿಯೊಂದನ್ನು ಎತ್ತಿ ನನ್ನ ಮುಂದೆ ಮಗುಚಿಟ್ಟಳು. ಆಗಷ್ಟೇ ಒಂದು ಬಸ್ಸು ಹೋಗಿದ್ದರಿಂದ ಹತ್ತಿರದಲ್ಲಿ ಗಂಡಸರು ಯಾರೂ ಇರಲಿಲ್ಲ. ಚಾಕುವನ್ನು ಸೆರಗಿನಿಂದ ಎರಡೂ ಕಡೆ ಒರೆಸಿ, ಹಿಡಿಯನ್ನು ನನ್ನ ಕಡೆ ತಿರುಗಿಸಿ ಕೊಟ್ಟಳು.

"ನೀವೇ ಆಕಿ ಮೊದಲ್ನೇ ಏಟು," ಎಂದಳು. "ನಿಮಗೆ ಅಭ್ಯಾಸ ಐತೆ."

ಹಾಕಿದೆ. ಆಕೆ ಉಳಿದದ್ದನ್ನು ಕೊಯ್ದು, ಅರ್ಧ ಕೆ.ಜಿ. ತೂಗಿ, ಕಾಗದದಲ್ಲಿ ಸುತ್ತಿ ಕೊಟ್ಟಳು. ತೂಕ ಸರಿಯಾಗಿತ್ತು.